ಗಡಿಗೆ ಹೊರಡುವ ಮುನ್ನ

ಸೈನಿಕನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಿಮದ ನಡುವೆ ಬಂದೂಕು ಹಿಡಿದು ಕಾವಲು ನಿಂತ ವ್ಯಕ್ತಿಯ ಚಿತ್ರ. ಆ ಸ್ಥಳವನ್ನು ಸೇರುವ ಮೊದಲು ಆತನು ಎಷ್ಟು ಮೇಜುಗಳ ಮುಂದೆ ನಿಂತನು, ಎಷ್ಟು ಅಳತೆಗಳಿಗೆ ಮೈಯೊಡ್ಡಿದನು, ಎಷ್ಟು ದಿನ ಸುಮ್ಮನೆ ಕಾದನು ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಕಾಣದಿರುವ ಈ ಭಾಗವನ್ನೇ ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ತರುಣನೊಬ್ಬನು ಸೇನೆಯಲ್ಲಿದ್ದಾನೆಂದು ಭಾವಿಸೋಣ. ಹೊಲಗದ್ದೆಗಳಲ್ಲಿ ದುಡಿದು ಗಟ್ಟಿಯಾದ ಮೈ ಆತನದು. ಈಗ ಲಡಾಖಿಗೆ ನಿಯೋಜಿತನಾಗಿದ್ದಾನೆ. ಚಂಡೀಗಢದಲ್ಲಿ ವಿಮಾನವೇರಿದರೆ ಸುಮಾರು ಒಂದು ಗಂಟೆಯಲ್ಲಿ ಲೇಹ್ ನಗರ. ಆದರೆ ಇಳಿದ ಕೂಡಲೆ ಆತನನ್ನು ಗಡಿಯ ಠಾಣ್ಯಕ್ಕೆ ಕಳುಹಿಸುವುದಿಲ್ಲ. ಮೊದಲ ಎರಡು ದಿನ ವಿಶ್ರಾಂತಿ, ಮುಂದಿನ ನಾಲ್ಕು ದಿನ ಮೆಲ್ಲನೆಯ ನಡಿಗೆ, ಅಷ್ಟೇ. ರೋಗವಿಲ್ಲದ, ಓಟದಲ್ಲಿ ಗೆದ್ದ, ವೈದ್ಯರೇ ಯೋಗ್ಯನೆಂದು ಬರೆದುಕೊಟ್ಟ ಯುವಕನನ್ನು ಹೀಗೆ ಕೂರಿಸುವುದೇಕೆ? ಈ ಪ್ರಶ್ನೆಗೆ ಉತ್ತರ ಭೌತವಿಜ್ಞಾನದಲ್ಲಿಯೂ ಶರೀರವಿಜ್ಞಾನದಲ್ಲಿಯೂ ಇದೆ. ನಮ್ಮ ದೇಶದ ಇತಿಹಾಸದಲ್ಲಿಯೂ ಇದೆ. ಅದನ್ನು ಅರಿಯಲು ಸೈನಿಕನ ಸಿದ್ಧತೆಯನ್ನು ಮೊದಲಿನಿಂದ ಕ್ರಮವಾಗಿ ನೋಡುತ್ತ ಬರಬೇಕು.

ಕಡತದ ಕೆಲಸ

ಮೊದಲು ಕಾಗದ. ಪ್ರತಿಯೊಂದು ರೆಜಿಮೆಂಟಿಗೂ ದಾಖಲೆಗಳ ಕಚೇರಿಯೊಂದುಂಟು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಳಗಾವಿಯ ಮರಾಠಾ ಲಘು ಪದಾತಿದಳ ಮೊದಲಾದವುಗಳ ಕೇಂದ್ರಗಳಲ್ಲಿ ಇಂಥ ಕಚೇರಿಗಳಿವೆ. ಸೈನಿಕನ ಸೇವೆಯ ವಿವರ, ವಿವಾಹ, ಮಕ್ಕಳ ಜನನ, ಹತ್ತಿರದ ಬಂಧುವಿನ ಹೆಸರು, ವಿಮೆಯ ಹಣ ಯಾರಿಗೆ ಸಲ್ಲಬೇಕೆಂಬ ನಾಮನಿರ್ದೇಶನ, ಇವೆಲ್ಲ ಅಲ್ಲಿ ದಾಖಲಾಗುತ್ತವೆ. ಮದುವೆಯಾಗಿಯೂ ಹೆಂಡತಿಯ ಹೆಸರನ್ನು ಬರೆಯಿಸದೆ ಹೊರಟವನು ಹಿಂದಿರುಗದಿದ್ದರೆ ಆಕೆ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಆದುದರಿಂದಲೇ ಹೊರಡುವ ಮುನ್ನ ಈ ವಿವರಗಳನ್ನು ಮತ್ತೊಮ್ಮೆ ಓದಿಸಿ, ತಿದ್ದಿಸಿ, ಸಹಿ ಹಾಕಿಸುವ ವಾಡಿಕೆ.

ಜಮೀನಿನ ವ್ಯಾಜ್ಯವಿದ್ದರೆ ಅದಕ್ಕೂ ರಕ್ಷಣೆಯುಂಟು. ೧೯೨೫ರ ಭಾರತೀಯ ಸೈನಿಕರ ವ್ಯಾಜ್ಯ ಅಧಿನಿಯಮದ ಪ್ರಕಾರ, ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನು ಹಾಜರಾಗಲಾರನೆಂದು ಸೇನೆಯ ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ ಸಿವಿಲ್ ನ್ಯಾಯಾಲಯವು ವಿಚಾರಣೆಯನ್ನು ಮುಂದೂಡುತ್ತದೆ. ಎಲ್ಲೆಗಲ್ಲಿನ ಜಗಳವೊಂದು ಮನೆಯಲ್ಲಿ ಉಳಿದಿರುವಾಗ ಗಡಿಯಲ್ಲಿ ನಿಂತವನ ಮನಸ್ಸು ನೆಮ್ಮದಿಯಾಗಿರುವುದಕ್ಕೆ ಇಂತಹ ಕಾನೂನು ಅಗತ್ಯವೇ ಸರಿ.

ಕಡತಕ್ಕೂ ಕಾಯಕ್ಕೂ ಸೇತುವೆಯಾಗಿರುವುದು ಕೊರಳಿನ ಬಿಲ್ಲೆ. ಅದರ ಮೇಲೆ ಸೈನಿಕನ ಕ್ರಮಾಂಕ, ಹೆಸರುಗಳೊಡನೆ ರಕ್ತದ ಗುಂಪೂ ಕೆತ್ತಿರುತ್ತದೆ. ಒಬ್ಬನ ರಕ್ತ ಮತ್ತೊಬ್ಬನಿಗೆ ಸದಾ ಹೊಂದುವುದಿಲ್ಲವೆಂಬುದನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ಪ್ರಕಟಿಸಿದನು. 'ಎ' ಗುಂಪಿನವನಿಗೆ 'ಬಿ' ಗುಂಪಿನ ರಕ್ತವನ್ನು ಕೊಟ್ಟರೆ ರಕ್ತಕಣಗಳು ಗಂಟುಗಂಟಾಗಿ ಕೂಡಿಕೊಂಡು ಒಡೆದು, ಪ್ರಾಣಕ್ಕೇ ಅಪಾಯವಾಗುತ್ತದೆ. ಗಾಯಗೊಂಡು ಎಚ್ಚರ ತಪ್ಪಿದವನು ತನ್ನ ಗುಂಪನ್ನು ಹೇಳಲಾರ. ಆತನ ಪರವಾಗಿ ಬಿಲ್ಲೆ ಹೇಳುತ್ತದೆ.

ಅಳತೆಗಳ ಅರ್ಥ

ಇನ್ನು ವೈದ್ಯಪರೀಕ್ಷೆ. ಭರ್ತಿಯ ದಿನ ಎದೆಯ ಸುತ್ತಳತೆಯನ್ನು ಎರಡು ಸಲ ತೆಗೆಯುತ್ತಾರೆ: ಉಸಿರು ಬಿಟ್ಟಾಗ ಒಮ್ಮೆ, ತುಂಬಿಕೊಂಡಾಗ ಒಮ್ಮೆ. ಎರಡಕ್ಕೂ ಕನಿಷ್ಠ ೫ ಸೆಂಟಿಮೀಟರು ಅಂತರವಿರಬೇಕು. ಎದೆಗೂಡು ಕಮ್ಮಾರನ ತಿದಿಯಂತೆ. ಅದು ಎಷ್ಟು ದೊಡ್ಡದು ಎಂಬುದಕ್ಕಿಂತಲೂ ಎಷ್ಟು ಹಿಗ್ಗಬಲ್ಲುದು ಎಂಬುದೇ ಮುಖ್ಯ.

ಕಣ್ಣಿನ ಪರೀಕ್ಷೆಯಲ್ಲಿ ೬ ಮೀಟರು ದೂರದ ಹಲಗೆಯನ್ನು ಓದಿಸುತ್ತಾರೆ. '೬ಕ್ಕೆ ೬' ಎಂಬ ದೃಷ್ಟಿಯ ಸಾಲಿನಲ್ಲಿರುವ ಅಕ್ಷರದ ಎತ್ತರ ಸುಮಾರು ೮.೭ ಮಿಲಿಮೀಟರು, ಗೆರೆಯ ದಪ್ಪ ಅದರ ಐದನೆಯ ಒಂದು ಭಾಗ. ಆ ಗೆರೆ ಕಣ್ಣಿನಲ್ಲಿ ಉಂಟುಮಾಡುವ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು: ಒಂದು ಕಿಲೋಮೀಟರು ದೂರದಲ್ಲಿ ಇದೇ ಕೋನವನ್ನುಂಟುಮಾಡುವ ವಸ್ತುವಿನ ಅಗಲ ೨೯ ಸೆಂಟಿಮೀಟರು. ಇದು ಮನುಷ್ಯನ ಎದೆಯ ಅಗಲಕ್ಕೆ ಸಮೀಪವಾದುದು. ಹಲಗೆಯ ಮೇಲಿನ ಸಣ್ಣ ಅಕ್ಷರಕ್ಕೂ ಬಯಲಿನ ಅಂಚಿನಲ್ಲಿ ಚಲಿಸುವ ಆಕಾರಕ್ಕೂ ಇರುವ ನಂಟು ಇದೇ.

ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುವ ಪುಟಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಜಪಾನಿನ ಸೈನ್ಯವೈದ್ಯನಾಗಿದ್ದ ಶಿನೋಬು ಇಷಿಹಾರಾ ಸೇನೆಗೆ ಸೇರುವವರಿಗಾಗಿಯೇ ಈ ಬಗೆಯ ಪರೀಕ್ಷೆಯನ್ನು ರೂಪಿಸಿ ೧೯೧೭ರಲ್ಲಿ ಪ್ರಕಟಿಸಿದನು. ಕೆಂಪು ಸಂಕೇತವನ್ನು ಹಸಿರೆಂದು ತಿಳಿಯುವವನ ದೋಷ ಆತನ ಧೈರ್ಯದಲ್ಲಿಲ್ಲ, ಅಕ್ಷಿಪಟಲದ ಕೋಶಗಳಲ್ಲಿದೆ. ಆದರೂ ಅದರ ಫಲವನ್ನು ಇಡೀ ತುಕಡಿ ಅನುಭವಿಸಬೇಕಾಗುತ್ತದೆ.

ಹೀಗೆ ಪಡೆದ ಫಲಿತಾಂಶಗಳನ್ನು ಭಾರತೀಯ ಸೇನೆ ಐದು ಅಕ್ಷರಗಳಲ್ಲಿ ಕ್ರೋಡೀಕರಿಸುತ್ತದೆ. 'ಶೇಪ್' ಎಂದು ಆ ಪದ್ಧತಿಯ ಹೆಸರು. ಎಸ್ ಎಂದರೆ ಮನಸ್ಸಿನ ಸ್ಥಿತಿ, ಎಚ್ ಎಂದರೆ ಶ್ರವಣ, ಎ ಎಂದರೆ ಕೈಕಾಲುಗಳು, ಪಿ ಎಂದರೆ ದೇಹದ ಒಟ್ಟು ಸಾಮರ್ಥ್ಯ, ಇ ಎಂದರೆ ದೃಷ್ಟಿ. ಪ್ರತಿಯೊಂದಕ್ಕೂ ೧ರಿಂದ ೫ರವರೆಗೆ ಅಂಕಿ. ಒಂದು ಎಂದರೆ ಎಲ್ಲಿಯಾದರೂ ಎಲ್ಲ ಕರ್ತವ್ಯಕ್ಕೂ ಯೋಗ್ಯ. ಐದು ಎಂದರೆ ಸೇವೆಗೆ ಶಾಶ್ವತವಾಗಿ ಅಯೋಗ್ಯ. ನಡುವಣ ಅಂಕಿಗಳನ್ನು ವಿಶೇಷವಾಗಿ ಗಮನಿಸಬೇಕು. ಅವು ಮನುಷ್ಯನನ್ನು ತಿರಸ್ಕರಿಸುವುದಿಲ್ಲ. ಈತನನ್ನು ಇಂಥ ಕಡೆಗೆ ಕಳುಹಿಸಬಹುದು, ಇಂಥ ಕಡೆಗೆ ಕೂಡದು ಎಂದು ಮಾತ್ರ ಹೇಳುತ್ತವೆ. ಯೋಗ್ಯತೆಯೆಂಬುದು ದೇಹವೊಂದರದೇ ಗುಣವಲ್ಲ, ದೇಹಕ್ಕೂ ಸ್ಥಳಕ್ಕೂ ಇರುವ ಸಂಬಂಧ ಎಂಬ ಮಾತು ಈ ಪದ್ಧತಿಯಲ್ಲಿ ಅಡಕವಾಗಿದೆ. ಮುಂದಿನದೆಲ್ಲ ಈ ಒಂದು ಮಾತಿನ ವಿವರಣೆಯೆಂದರೂ ಸಲ್ಲುತ್ತದೆ.

ಸೂಜಿಯ ಮೊನೆ

ಸ್ಥಳ ಬದಲಾದಂತೆ ಶತ್ರುವೂ ಬದಲಾಗುತ್ತಾನೆ; ಕೆಲವು ಶತ್ರುಗಳು ಕಣ್ಣಿಗೆ ಕಾಣದವು. ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಬ್ರಿಟಿಷ್ ಸೈನಿಕರಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ಅವುಗಳಲ್ಲಿ ವಿಷಮಶೀತಜ್ವರ ಮುಖ್ಯವಾದುದು. ಆಲ್ಮ್‌ರಾತ್ ರೈಟ್ ಎಂಬ ವಿಜ್ಞಾನಿ ಅದಕ್ಕೆ ಲಸಿಕೆಯನ್ನು ಆ ವೇಳೆಗಾಗಲೇ ಸಿದ್ಧಪಡಿಸಿದ್ದರೂ ಹೆಚ್ಚಿನವರು ಅದನ್ನು ಹಾಕಿಸಿಕೊಂಡಿರಲಿಲ್ಲ. ಹೊರಡುವ ಮುನ್ನ ಲಸಿಕೆ ಎಂಬ ನಿಯಮ ಸೇನೆಗಳಲ್ಲಿ ಬೇರೂರಿದುದು ಇಂತಹ ಅನುಭವಗಳಿಂದ.

ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಆಫ್ರಿಕಕ್ಕೆ ಹೋಗುವ ಭಾರತೀಯ ಸೈನಿಕನು ಪೀತಜ್ವರದ ಲಸಿಕೆಯನ್ನು ಪಡೆಯಬೇಕು. ಚುಚ್ಚಿದ ಹತ್ತು ದಿನಗಳ ಮೇಲೆಯೇ ಅದರ ಪ್ರಮಾಣಪತ್ರಕ್ಕೆ ಬೆಲೆ ಬರುವುದು. ದೇಹವು ಪ್ರತಿವಸ್ತುಗಳನ್ನು ತಯಾರಿಸಿಕೊಳ್ಳಲು ಅಷ್ಟು ಕಾಲ ಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಪೀತಜ್ವರ ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಊರುಗಳಲ್ಲಿ ಹೇರಳವಾಗಿದೆ. ನಮ್ಮಲ್ಲಿ ಡೆಂಗೆ ಜ್ವರವನ್ನು ಹರಡುವುದೂ ಅದೇ. ಲಸಿಕೆಯಿಲ್ಲದೆ ಹೋದವನೊಬ್ಬನು ಸೋಂಕಿನೊಡನೆ ಹಿಂದಿರುಗಿದರೆ ಉಳಿದ ಕೆಲಸವನ್ನು ಸೊಳ್ಳೆ ಮಾಡಿಬಿಡಬಲ್ಲುದು. ಆದುದರಿಂದ ಆ ಸೂಜಿ ಸೈನಿಕನನ್ನಷ್ಟೇ ಅಲ್ಲ, ಆತನ ಊರನ್ನೂ ಕಾಯುತ್ತದೆ. ಇಲ್ಲಿಯೂ ಕಾಯುವ ದಿನಗಳು ಚಿಕಿತ್ಸೆಯ ಭಾಗವೇ ಆಗಿವೆಯೆಂಬುದನ್ನು ನೆನಪಿಡಬೇಕು.

ಗಾಳಿಯ ಲೆಕ್ಕ

ಈಗ ಲೇಹ್ ನಗರದಲ್ಲಿ ಕಾದು ಕುಳಿತ ನಮ್ಮ ದುದ್ದದ ತರುಣನ ಬಳಿಗೆ ಬರೋಣ. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಪಾಲು ಅಲ್ಲಿಯೂ ನೂರಕ್ಕೆ ೨೧, ಕಡಿಮೆಯಾಗುವುದು ಒತ್ತಡ. ಸಮುದ್ರಮಟ್ಟದಲ್ಲಿ ವಾಯುವು ೭೬೦ ಮಿಲಿಮೀಟರು ಎತ್ತರದ ಪಾದರಸದ ಸ್ತಂಭವನ್ನು ಹೊರಬಲ್ಲುದು. ದುದ್ದದ ಸೀಮೆಯ ಎತ್ತರವನ್ನು ೭೦೦ ಮೀಟರು ಎಂದು ಹಿಡಿದರೆ ಅಲ್ಲಿ ಇದು ಸುಮಾರು ೭೦೦ ಮಿಲಿಮೀಟರು. ೩,೫೦೦ ಮೀಟರು ಎತ್ತರದ ಲೇಹ್ ನಗರದಲ್ಲಿ ಸುಮಾರು ೪೯೩. ೫,೫೦೦ ಮೀಟರು ಏರಿದರೆ ೩೭೯, ಎಂದರೆ ಸಮುದ್ರಮಟ್ಟದ ಅರ್ಧ.

ಪುಪ್ಪುಸವನ್ನು ಸೇರುವ ಗಾಳಿ ದಾರಿಯಲ್ಲಿಯೇ ದೇಹದ ತೇವವನ್ನು ಹೀರಿ ನೀರಾವಿಯಿಂದ ಸಂತೃಪ್ತವಾಗುತ್ತದೆ. ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಆ ಆವಿಯ ಒತ್ತಡ ೪೭ ಮಿಲಿಮೀಟರು. ಊರು ಯಾವುದಾದರೂ ಈ ತೆರಿಗೆ ಅಷ್ಟೇ. ಇದನ್ನು ಕಳೆದು, ಉಳಿದುದರ ನೂರಕ್ಕೆ ೨೧ನ್ನು ತೆಗೆದುಕೊಂಡರೆ ಒಳಹೋಗುವ ಆಮ್ಲಜನಕದ ಒತ್ತಡ ದೊರೆಯುತ್ತದೆ. ದುದ್ದದಲ್ಲಿ ಅದು ೧೩೭ ಮಿಲಿಮೀಟರು, ಲೇಹ್‌ನಲ್ಲಿ ೯೪, ೫,೫೦೦ ಮೀಟರಿನಲ್ಲಿ ಕೇವಲ ೭೦. ಒಂದು ಗಂಟೆಯ ವಿಮಾನಯಾನ ಮನುಷ್ಯನನ್ನು ಬಯಲುಸೀಮೆಯ ಗಾಳಿಯಿಂದ ಇಷ್ಟು ಬಡವಾದ ಗಾಳಿಗೆ ಇಳಿಸಿಬಿಡುತ್ತದೆ. ಲೇಹ್‌ನಲ್ಲಿ ನೀರು ಸುಮಾರು ೮೮ ಡಿಗ್ರಿಯಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡವಾಗುತ್ತದೆಂದರೆ ಒತ್ತಡದ ಇಳಿತ ಮನಸ್ಸಿಗೆ ಹತ್ತೀತು.

ದೇಹವು ತಕ್ಷಣ ಮಾಡುವ ಉಪಾಯ ಉಸಿರಾಟವನ್ನು ಹೆಚ್ಚಿಸುವುದು. ಆದರೆ ಹೆಚ್ಚು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ರಕ್ತದ ಕ್ಷಾರತೆಯನ್ನು ಕಂಡ ಮಿದುಳು ಉಸಿರಾಟಕ್ಕೆ ತಡೆ ಹಾಕುತ್ತದೆ. ಒಂದು ಕಡೆ ಆಮ್ಲಜನಕದ ಕೊರತೆ 'ಉಸಿರಾಡು' ಎನ್ನುತ್ತದೆ. ಇನ್ನೊಂದು ಕಡೆ ಕ್ಷಾರತೆ 'ಸಾಕು' ಎನ್ನುತ್ತದೆ. ಈ ತಿಕ್ಕಾಟವನ್ನು ಬಗೆಹರಿಸುವವು ಮೂತ್ರಪಿಂಡಗಳು. ಅವು ಹೆಚ್ಚಿನ ಬೈಕಾರ್ಬೊನೇಟನ್ನು ಹೊರಹಾಕಿ ತಡೆಯನ್ನು ಸಡಿಲಿಸುತ್ತವೆ. ಅವುಗಳ ಕೆಲಸ ಗಂಟೆಗಳಲ್ಲಿ ಮುಗಿಯತಕ್ಕದ್ದಲ್ಲ, ದಿನಗಳು ಬೇಕು. ರಕ್ತಕಣಗಳ ಸಂಖ್ಯೆ ಏರುವುದಕ್ಕಂತೂ ವಾರಗಳೇ ಬೇಕು. ಸಾಹಸವಾಗಲಿ ಸ್ನಾಯುಬಲವಾಗಲಿ ಮೂತ್ರಪಿಂಡಗಳನ್ನು ಅವಸರಪಡಿಸಲಾರವು.

ಈ ಅವಧಿಯಲ್ಲಿ ದುಡಿದರೆ ಏನಾಗುತ್ತದೆ? ಆಮ್ಲಜನಕ ಕಡಿಮೆಯಾದಾಗ ಪುಪ್ಪುಸದ ಧಮನಿಗಳು ಸಂಕುಚಿಸುತ್ತವೆ. ಎಲ್ಲೆಡೆಯೂ ಸಮನಾಗಿ ಅಲ್ಲ. ಸಂಕುಚಿಸದ ಕಡೆಗೆ ರಕ್ತ ಭರದಿಂದ ನುಗ್ಗಿ, ಸೂಕ್ಷ್ಮ ಲೋಮನಾಳಗಳಲ್ಲಿ ಒತ್ತಡವೇರಿ, ದ್ರವವು ಗಾಳಿಗೂಡುಗಳೊಳಕ್ಕೆ ಸೋರುತ್ತದೆ. ಶ್ರಮವು ಈ ಒತ್ತಡವನ್ನು ಇನ್ನೂ ಏರಿಸುತ್ತದೆ. ಕೆಮ್ಮು, ಏದುಸಿರು, ನೊರೆಗಫ ಕಾಣಿಸಿಕೊಳ್ಳುತ್ತವೆ. ನೆಲದ ಮೇಲಿದ್ದೇ ಮನುಷ್ಯ ಮುಳುಗುತ್ತಾನೆ. ಸಾಮಾನ್ಯವಾಗಿ ಇದು ತಲೆದೋರುವುದು ಬಂದ ಎರಡರಿಂದ ನಾಲ್ಕು ದಿನಗಳೊಳಗೆ. ತಾರುಣ್ಯವೂ ಕಸುವೂ ಇದರಿಂದ ರಕ್ಷಿಸುವುದಿಲ್ಲ. ಆಮ್ಲಜನಕ ಕೊಡುವುದು, ಕೂಡಲೆ ಕೆಳಗಿಳಿಸುವುದು, ಇವೇ ಮುಖ್ಯ ಚಿಕಿತ್ಸೆ.

೧೯೬೨ರ ಪಾಠ

ನಮ್ಮ ಸೇನೆ ಈ ಪಾಠವನ್ನು ಕಲಿತುದು ದುಬಾರಿಯಾದ ರೀತಿಯಲ್ಲಿ. ೧೯೬೨ರ ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧ ಆರಂಭವಾದಾಗ ಬಯಲುನಾಡಿನಲ್ಲಿದ್ದ ಪಡೆಗಳನ್ನು ಅವಸರದಿಂದ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಮೈಯೊಗ್ಗಿಸಲು ಅವಕಾಶವಿರಲಿಲ್ಲ. ಗುಂಡು ತಾಕದೆಯೇ ಎಷ್ಟೋ ಮಂದಿ ತಲೆನೋವು, ವಾಂತಿ, ಉಸಿರುಕಟ್ಟುವಿಕೆಗಳಿಂದ ಕುಸಿದರು. ಅಂದು ಮತ್ತು ಅನಂತರದ ವರ್ಷಗಳಲ್ಲಿ ಅಂಥವರನ್ನು ನೋಡಿಕೊಂಡ ಸೈನ್ಯವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ತಾವು ಕಂಡುದನ್ನು ಶ್ರದ್ಧೆಯಿಂದ ಬರೆದಿಟ್ಟರು. ಎತ್ತರದ ಪುಪ್ಪುಸಬಾವಿನ ಬಗ್ಗೆ ಅವರ ಲೇಖನ ೧೯೬೫ರಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ೧೧,೦೦೦ದಿಂದ ೧೮,೦೦೦ ಅಡಿಗಳ ಎತ್ತರದಲ್ಲಿ ಅಸ್ವಸ್ಥರಾದ ೧,೯೨೫ ಸೈನಿಕರನ್ನು ಕುರಿತ ವರದಿ ೧೯೬೯ರಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರದ ರೋಗಗಳ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ಉದಾಹರಿಸುವ ಬರಹಗಳಿವು.

ಈ ಅನುಭವವೇ ಇಂದಿನ ನಿಯಮಗಳ ಹಿನ್ನೆಲೆ. ಮೊದಲ ಹಂತ ೨,೭೦೦ರಿಂದ ೩,೬೦೦ ಮೀಟರುಗಳವರೆಗೆ, ಆರು ದಿನ: ಎರಡು ದಿನ ವಿಶ್ರಾಂತಿ, ಎರಡು ದಿನ ಸಮನೆಲದ ಮೆಲ್ಲನಡಿಗೆ, ಕೊನೆಯ ಎರಡು ದಿನ ಕೊಂಚ ದೀರ್ಘವಾದ ನಡಿಗೆ ಮತ್ತು ೩೦೦ ಮೀಟರು ಮೀರದ ಏರು. ಎರಡನೆಯ ಹಂತ ೪,೫೦೦ ಮೀಟರುಗಳವರೆಗೆ, ನಾಲ್ಕು ದಿನ. ಅದಕ್ಕೂ ಮೇಲಿನ ಮೂರನೆಯ ಹಂತ ಮತ್ತೆ ನಾಲ್ಕು ದಿನ. ಒಟ್ಟು ಹದಿನಾಲ್ಕು ದಿನಗಳು. ಹೊರನೋಟಕ್ಕೆ ಸೋಮಾರಿತನದಂತೆ ಕಾಣುವ ಈ ದಿನಗಳಲ್ಲಿ ದೇಹದೊಳಗೆ ಭರದ ಕೆಲಸ ಸಾಗಿರುತ್ತದೆ.

ಆ ಕೆಲಸವನ್ನು ಹೊರಗಿನಿಂದ ಕಾಣಲು ಒಂದು ಉಪಕರಣವೂ ಇದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ ಬೆರಳಿನ ಆಮ್ಲಜನಕಮಾಪಕ ಬೆರಳಿನ ಮೂಲಕ ಕೆಂಪು ಬೆಳಕನ್ನೂ ಅವಕೆಂಪು ಕಿರಣವನ್ನೂ ಹಾಯಿಸುತ್ತದೆ. ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ ಕೆಂಪನ್ನು ಕಡಿಮೆ ಹೀರುತ್ತದೆ, ಹೊರದಿರುವುದು ಹೆಚ್ಚು ಹೀರುತ್ತದೆ. ಅವಕೆಂಪಿನಲ್ಲಿ ಇದು ತಿರುವುಮುರುವು. ಎರಡರ ಪ್ರಮಾಣವನ್ನು ಹೋಲಿಸಿ ಯಂತ್ರವು ನೂರಕ್ಕೆ ಎಷ್ಟು ಹೀಮೊಗ್ಲೋಬಿನ್ ಆಮ್ಲಜನಕ ಹೊತ್ತಿದೆಯೆಂದು ತೋರಿಸುತ್ತದೆ. ಬಂದ ದಿನ ಇಳಿದಿರುವ ಅಂಕಿ ದಿನಕಳೆದಂತೆ ಏರುವುದನ್ನು ಕಾಣಬಹುದು.

ರಜೆಯಿಂದ ಮರಳಿದವನು

ಇನ್ನೊಂದು ಸಂಗತಿ ಮನೆಯವರು ಅರಿತಿರಬೇಕಾದುದು. ಎತ್ತರಕ್ಕೆ ಒಗ್ಗಿದ ಮೈ ಆ ಒಗ್ಗಿಕೆಯನ್ನು ಕಾಯಂ ಆಗಿ ಇಟ್ಟುಕೊಳ್ಳುವುದಿಲ್ಲ. ಊರಿಗೆ ಬಂದು ಹತ್ತು ದಿನ ಮೀರಿದರೆ ಮತ್ತೆ ಹಂತಹಂತವಾಗಿ ಒಗ್ಗಬೇಕು. ನಾಲ್ಕು ವಾರ ಮೀರಿದರೆ ಹೊಸಬನಂತೆ ಮೊದಲಿನಿಂದಲೇ. ಎತ್ತರದಲ್ಲಿ ತಿಂಗಳುಗಟ್ಟಲೆ ಸುಖವಾಗಿದ್ದವರು ರಜೆಯಿಂದ ಮರಳಿದಾಗ ಪುಪ್ಪುಸಬಾವಿಗೆ ತುತ್ತಾದ ನಿದರ್ಶನಗಳನ್ನು ಇಂದರ್ ಸಿಂಗ್ ತಂಡದವರೂ ಗುರುತಿಸಿದ್ದರು. 'ಹಳೆಯ ಜಾಗ, ನನಗೆ ಗೊತ್ತು' ಎಂಬ ಭರವಸೆ ಮನಸ್ಸಿನದು. ರಕ್ತಕ್ಕೆ ಆ ನೆನಪಿಲ್ಲ.

ಸಿದ್ಧತೆಗೂ ಒಂದು ಎಲ್ಲೆಯುಂಟು. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಬಳಿ ಸುಮಾರು ೧೯,೬೦೦ ಅಡಿ ಎತ್ತರದ ಠಾಣ್ಯವೊಂದರ ಮೇಲೆ ಹಿಮರಾಶಿ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ೮ರಂದು ಹಿಮದಡಿಯಿಂದ ಜೀವಂತವಾಗಿ ಹೊರತೆಗೆದರೂ ೧೧ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ಅಸುನೀಗಿದರು. ಹಿಮಪಾತವನ್ನು ಯಾವ ವೈದ್ಯಪರೀಕ್ಷೆಯೂ ತಡೆಯಲಾರದು. ಪ್ರಕೃತಿಯಿಂದಲೂ ಶತ್ರುವಿನಿಂದಲೂ ಬರುವ ಅಪಾಯ ಹೇಗಿದ್ದರೂ ಇದ್ದೇ ಇದೆ. ತಪ್ಪಿಸಬಹುದಾದ ಸಾವನ್ನೂ ಅದರೊಡನೆ ಸೇರಿಸದಿರುವುದೇ ಈ ಎಲ್ಲ ಸಿದ್ಧತೆಯ ಗುರಿ.

ಈ ಸಿದ್ಧತೆ ಫಲಿಸುವುದು ಸೈನಿಕನು ನಿಜ ನುಡಿದಾಗ ಮಾತ್ರ. ಭರ್ತಿಯಲ್ಲಿ ಬಾಲ್ಯದ ಉಬ್ಬಸವನ್ನು ಮುಚ್ಚಿಡುವವನೂ, ಎತ್ತರದಲ್ಲಿ ಹೇಡಿಯೆನಿಸಿಕೊಂಡೇನೆಂದು ತಲೆನೋವನ್ನು ನುಂಗಿಕೊಳ್ಳುವವನೂ ತನ್ನನ್ನು ಮಾತ್ರವಲ್ಲ, ತನ್ನನ್ನು ಹೊತ್ತು ಇಳಿಸಬೇಕಾದ ಸಂಗಡಿಗರನ್ನೂ ಅಪಾಯಕ್ಕೆ ಗುರಿಮಾಡುತ್ತಾರೆ. ಸೇನೆಗೆ ಸೇರಬಯಸುವ ವಿದ್ಯಾರ್ಥಿಗಳು ಓಟದ ಅಭ್ಯಾಸದೊಡನೆ ಈ ಪ್ರಾಮಾಣಿಕತೆಯನ್ನೂ ರೂಢಿಸಿಕೊಳ್ಳಬೇಕು. ಬೆಂಗಳೂರಿನಿಂದ ವಿಹಾರಕ್ಕೆಂದು ಲೇಹ್‌ಗೆ ಹಾರುವ ನಾಗರಿಕರಿಗೂ ಭೌತನಿಯಮ ಬೇರೆಯಲ್ಲ. ಇಳಿದ ಮೊದಲೆರಡು ದಿನ ವಿಶ್ರಮಿಸಿ, ತಲೆನೋವಿದ್ದರೆ ಮೇಲೇರದೆ, ಉಸಿರು ಕಟ್ಟಿದರೆ ತಡಮಾಡದೆ ಕೆಳಗಿಳಿಯುವುದು ಅವರಿಗೂ ವಿಹಿತ.